ಕೆಂಪು ಕಂಬಗಳ ಪಕ್ಕದಿಂದ

ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನಿಗಾಗಿ ಹರಕೆ ಹೊತ್ತಳು ಎಂದರೆ ಕಟ್ಟುಕಥೆ ಅನ್ನಿಸೀತು. ಊರು ಕ್ಯೋಟೊ, ಅಜ್ಜಿ ನನ್ನವಳೇ. ನನ್ನ ತಮ್ಮ ಇಬುಕಿ ಜ್ವರದಿಂದ ಎದ್ದರೆ ಅವನನ್ನು ನದಿಯಾಚೆಯ ಗುಡಿಗಳಿಗೆಲ್ಲ ನಡೆಸಿಕೊಂಡು ಬರುತ್ತೇನೆ ಎಂದು ಬೇಡಿಕೊಂಡಿದ್ದಳು. ಅವನು ಎದ್ದ. ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆಯೇ, ಆ ಸೆಕೆಯಲ್ಲಿ, ಮೂವರೂ ಹೊರಟೆವು.

ಮೊದಲ ಗುಡಿಯ ಕೆಂಪು ಕಂಬಗಳ ಬಾಗಿಲು ಬಂದಾಗ ಅಜ್ಜಿ ಅದರಡಿ ಹೋಗದೆ ಪಕ್ಕದಿಂದ ಸುತ್ತಿಕೊಂಡು ನಡೆದಳು. ನನ್ನ ಕಾಲೂ ಅತ್ತಲೇ ತಿರುಗಿತು. ನಮ್ಮಲ್ಲಿ ಹಾಗೆ ಹೋಗುವವರು ಸಾವಿನ ಸೂತಕದವರು. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

“ಏನಜ್ಜೀ, ಸತ್ತೋರ ಮನೆಯವರ ಥರ ಹೋಗ್ತಿದ್ದೀರಲ್ಲ!” ಇಬುಕಿ ಕಂಬಗಳ ನಡುವೆ ನಿಂತು ನಕ್ಕ.

“ಬಾಯ್ಮುಚ್ಕೊಂಡು ನಡಿಯೋ, ಕೋತಿ. ಕಾಲು ಆ ಕಡೆ ಬರ್ತಾನೇ ಇಲ್ಲ ಕಣೋ,” ಎಂದಳು ಅಜ್ಜಿ.

ಪ್ರತಿ ಗುಡಿಯಲ್ಲೂ ಹಾಗೇ ಆಯಿತು. ನಾವಿಬ್ಬರೂ ಬೆವರಿನಲ್ಲಿ ತೊಯ್ದುಹೋಗಿದ್ದೆವು. ಅವನ ಅಂಗಿ ಮಾತ್ರ ಇಸ್ತ್ರಿ ಮಾಡಿದ ಹಾಗೇ ಇತ್ತು. ಅವನ ಕೈ ಹಿಡಿದೆ. ಗುಡಿಯ ತೊಟ್ಟಿಯ ನೀರಿನಷ್ಟು ತಣ್ಣಗಿತ್ತು.

ಕೊನೆಯ ಗುಡಿಯ ಬಾಗಿಲಿಗೆ ಎರಡೂ ಬದಿ ಗೋಡೆ, ಸುತ್ತಿ ಹೋಗಲು ದಾರಿಯಿಲ್ಲ.

“ನೀನಿಲ್ಲೇ ಇರಕ್ಕಾ, ಅಜ್ಜೀನ ನೋಡ್ಕೋ. ನಾನೇ ಮುಗಿಸ್ತೀನಿ,” ಎಂದು ಅವನು ಮೆಟ್ಟಿಲು ಹತ್ತಿದ.

ಬೇಡ ಕಣೋ, ವಾಪಸ್ ಬಾ ಎನ್ನಲು ಬಾಯಿ ತೆರೆದೆ. ಅಜ್ಜಿ ನನ್ನ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮೇಲೆ ಗಂಟೆ ಬಾರಿಸಿತು. ದೇವರಿಗೆ ಕೈಮುಗಿಯುವ ಮುನ್ನ ತಟ್ಟುವ ಎರಡು ಚಪ್ಪಾಳೆ ಕೇಳಿಸಿತು. ಹರಕೆ ತೀರಿತು. ಮೆಟ್ಟಿಲಿಳಿದು ಯಾರೂ ಬರಲಿಲ್ಲ.