ಫುಟ್ ಫಾಲ್ಟ್ ಕೂಗಿದ ಹುಡುಗ

"ಫುಟ್ ಫಾಲ್ಟ್!"

ಆ ಕೂಗು ಕೇಳಿದಾಗ ಚೂಡಾಮಣಿ ಹೊಡೆದ ಚೆಂಡು ಇನ್ನೂ ನೆಟ್ ದಾಟಿರಲಿಲ್ಲ.

ಟೆನಿಸ್ ಕೋರ್ಟಿನ ಹಿಂದಿನ ಗೆರೆಯ ತುದಿಯಲ್ಲಿ, ಮಡಿಸುವ ಕುರ್ಚಿಯ ಮೇಲೆ ಕೂತಿದ್ದ ತೆಳ್ಳನೆಯ ಹುಡುಗನೊಬ್ಬ ಕೈ ಎತ್ತಿದ್ದ. ಸರ್ವ್ ಮಾಡುವಾಗ ಕಾಲು ಸುಣ್ಣದ ಗೆರೆಯನ್ನು ತುಳಿದರೆ ಆ ಸರ್ವ್ ಲೆಕ್ಕಕ್ಕಿಲ್ಲ. ಅದನ್ನು ನೋಡಿ ಹೇಳುವುದಕ್ಕೆಂದೇ ಅವನನ್ನು ಅಲ್ಲಿ ಕೂರಿಸಿದ್ದರು.

ಮೊದಲ ಸರ್ವ್ ತಪ್ಪಿದರೆ ಇನ್ನೊಂದಕ್ಕೆ ಅವಕಾಶವುಂಟು; ಇದು ಅವಳ ಎರಡನೆಯದು. ಪಾಯಿಂಟ್ ಹೋಯಿತು. ಅದರ ಬೆನ್ನಿಗೆ ಗೇಮ್ ಹೋಯಿತು, ಮ್ಯಾಚೂ ಹೋಯಿತು. ಮೈಸೂರಿನ ದಸರಾ ಕಪ್ಪು ಮದರಾಸಿನ ಹುಡುಗಿಯ ಟ್ರಂಕಿನಲ್ಲಿ ಕೂತು ರೈಲು ಹತ್ತಿತು.

ತನ್ನ ಕಾಲು ಗೆರೆ ಮುಟ್ಟಿಲ್ಲವೆಂದು ಚೂಡಾಮಣಿಗೆ ಗೊತ್ತಿತ್ತು. ಬಾಯಿಬಿಟ್ಟು ಜಗಳವಾಡುವ ಹುಡುಗಿಯಲ್ಲ ಅವಳು. ತಿರುಗಿ ನಿಂತು ಆ ಹುಡುಗನನ್ನು ಒಮ್ಮೆ ನೋಡಿದಳು, ಅಷ್ಟೇ. ಅವನು ಕಣ್ಣು ತಗ್ಗಿಸಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಆಮೇಲಿನ ಒಂದು ವರ್ಷ ಅವಳು ಹೋದ ಕಡೆಯಲ್ಲೆಲ್ಲ ಗೆದ್ದಳು. ಬೆಂಗಳೂರಿನಲ್ಲಿ ರಾಜ್ಯದ ಚಾಂಪಿಯನ್ ಆದಳು. ಮದರಾಸಿಗೆ ಹೋಗಿ ಅದೇ ಹುಡುಗಿಯನ್ನು ಅವಳ ಊರಿನಲ್ಲೇ ಸೋಲಿಸಿ ಬಂದಳು. ಕಲ್ಕತ್ತೆಯ ಹುಲ್ಲಿನ ಕೋರ್ಟಿನಲ್ಲಿ, ಮಂಜಿಗೆ ಕಾಲು ಜಾರುತ್ತಿದ್ದರೂ ಬಿಡದೆ ಆಡಿ, ದೇಶದ ಹೆಂಗಸರ ಚಾಂಪಿಯನ್ ಪಟ್ಟವನ್ನೇ ತಂದಳು. ಸ್ಟೇಷನ್ನಿನಲ್ಲಿ ಹಾರ ಹಾಕಿದರು. ಅಪ್ಪ ವೆಂಕಟಸುಬ್ಬಯ್ಯನವರು ಅರಮನೆ ಕಚೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಮನೆಯಲ್ಲಿ ಮಾತ್ರ ಕಪ್ಪುಗಳಿಗೆ ಬೇರೆಯದೇ ಉದ್ಯೋಗ ಸಿಕ್ಕಿತು. ಬೆಂಗಳೂರಿನದರಲ್ಲಿ ಅಮ್ಮ ಸುಂದರಮ್ಮ ಗುಂಡಿ, ಸೂಜಿ, ದಾರ ಹಾಕಿಟ್ಟರು. ಮದರಾಸಿನದರಲ್ಲಿ ಅಜ್ಜಿಯ ಅಡಿಕೆ ಸೇರಿತು. ಕಲ್ಕತ್ತೆಯ ದೊಡ್ಡ ಕಪ್ಪಿನಲ್ಲಿ ದಿನಾ ಸಂಜೆ ಮಲ್ಲಿಗೆ ಮೊಗ್ಗು ಅರಳುತ್ತಿತ್ತು.

ಬ್ಯಾಟಿಗೆ ಒಳಗೆ ಜಾಗವಿರಲಿಲ್ಲ. ಅದರ ತಂತಿ ಕುರಿಯ ಕರುಳಿನದು ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದರು. ಅಂದಿನಿಂದ ಅದು ಜಗಲಿಯ ಮೊಳೆಗೆ ನೇತುಬಿದ್ದಿತ್ತು. ಆಯುಧಪೂಜೆಯ ದಿನ ಈಳಿಗೆಮಣೆಗೂ, ಅಪ್ಪನ ಸೈಕಲ್ಲಿಗೂ, ಅರಮನೆಯಲ್ಲಿ ನುಡಿಸುತ್ತಿದ್ದ ತಾತನ ಮೃದಂಗಕ್ಕೂ ಕುಂಕುಮ ಬೀಳುತ್ತಿತ್ತು. ಬ್ಯಾಟು ಮಾತ್ರ ಹೊರಗಿನಿಂದಲೇ ಮಂಗಳಾರತಿ ನೋಡುತ್ತಿತ್ತು.

ಅಜ್ಜಿಯದು ಎರಡೇ ಕಟ್ಟಳೆ. ಆಡುವುದಾದರೆ ಸೀರೆ ಉಟ್ಟು ಆಡಬೇಕು, ಪಾದ ಕಾಣಬಾರದು. ಮದುವೆ ಗೊತ್ತಾದ ದಿನವೇ ಬ್ಯಾಟು ಅಟ್ಟ ಹತ್ತಬೇಕು.

ಈ ದಸರೆಯ ಹೊತ್ತಿಗೆ ಮದುವೆಯ ಮಾತು ಬಂದೇ ಬಂತು.

"ನಾಳೆ ಸಾಯಂಕಾಲ ಗಿರಿಜಾಂಬಾ ಅಂತ, ಮಗನ್ನ ಕರ್ಕೊಂಡು ಗೊಂಬೆ ನೋಡಕ್ಕೆ ಬರ್ತಾರೆ" ಅಂದರು ಅಮ್ಮ.

"ಗಂಡಸರು ಗೊಂಬೆ ನೋಡಕ್ಕೆ ಯಾಕಮ್ಮ ಬರ್ತಾರೆ?"

"ನೋಡೋದು ನಿನ್ನನ್ನೇ ಕಣೇ, ಪೆದ್ದಿ" ಅಂದರು ಅಜ್ಜಿ. "ಹುಡುಗ ಸರ್ಕಾರಿ ಆಫೀಸಲ್ಲಿ ನಕ್ಷೆ ಬರೀತಾನಂತೆ. ಗೆರೆ ಎಳೆಯೋ ಕೆಲಸ. ಸಾಧು ಇರ್ತಾನೆ."

ಚೂಡಾಮಣಿ ದಿನ ಎಣಿಸಿದಳು. ನಾಡಿದ್ದು ದಸರಾ ಫೈನಲ್. ಎಲ್ಲ ಊರಿನ ಕಪ್ಪೂ ಬಂದು, ಹುಟ್ಟಿದ ಊರಿನದೊಂದು ಬರಲಿಲ್ಲ. ಹುಡುಗ ಒಪ್ಪಿಬಿಟ್ಟರೆ ನಾಡಿದ್ದಿನದೇ ಕೊನೆಯ ಆಟ.

ಅವಳು ಗೊಂಬೆ ಮೆಟ್ಟಿಲುಗಳನ್ನು ಮತ್ತೆ ಒಪ್ಪವಾಗಿ ಜೋಡಿಸಿದಳು. ಮೇಲೆ ರಾಜ ರಾಣಿಯರ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಸೈನಿಕರು, ನಡುವಿನ ಮೆಟ್ಟಿಲಲ್ಲಿ ಬೂದಿ ಹಾಕಿ ಬೆಳಗಿದ ಕಪ್ಪುಗಳು. ಕಪ್ಪುಗಳ ಮಧ್ಯೆ ಬೇಕೆಂದೇ ಒಂದು ಜಾಗವನ್ನು ಖಾಲಿ ಬಿಟ್ಟಳು.

ಮರುದಿನ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಟಾಂಗಾ ನಿಂತಿತು. ಗೊಂಬೆ ನೋಡಲು ಬಂದವರಿಗೆ ಕೊಡುವ ಚರುಪು ಹಂಚಲು ಕಡಲೆಬೇಳೆ ಉಸಲಿಯ ತಟ್ಟೆ ಹಿಡಿದು ಹೊರಗೆ ಬಂದ ಚೂಡಾಮಣಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅದೇ ತೆಳ್ಳನೆಯ ಮುಖ. ಅದೇ ಕಿವಿ. ಅವಳನ್ನು ಕಂಡದ್ದೇ ಕೆಂಪಾಯಿತು.

"ನಮ್ಮ ಬಿಂದುಮಾಧವ" ಅಂದರು ಗಿರಿಜಾಂಬಾ. ಆಮೇಲೆ ಗೊಂಬೆಗಳ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಜೋಡಿಸಿದ್ದೀಯಮ್ಮ! ಇಲ್ಲೊಂದು ಜಾಗ ಖಾಲಿ ಬಿಟ್ಟಿದ್ದೀಯಲ್ಲ, ಯಾಕೆ?"

"ಅದನ್ನ ನಿಮ್ಮ ಮಗನ್ನೇ ಕೇಳಿ" ಅಂದಳು ಚೂಡಾಮಣಿ.

ಮನೆಯವರೆಲ್ಲ ಅವನ ಕಡೆ ತಿರುಗಿದರು. ಅವನು ಉಸಲಿಯ ಬೇಳೆ ಎಣಿಸುವವನ ಹಾಗೆ ತಟ್ಟೆ ನೋಡುತ್ತ ಕೂತ.

"ಹೋದ ವರ್ಷ ಫುಟ್ ಫಾಲ್ಟ್ ಕೂಗಿದ್ದು ನಾನೇ ಅಮ್ಮ."

"ಅಯ್ಯೋ ರಾಮ!" ಅಂದರು ಗಿರಿಜಾಂಬಾ. "ಇದನ್ನ ಮೊದಲೇ ಬೊಗಳೋದಲ್ವೇನೋ?"

ವೆಂಕಟಸುಬ್ಬಯ್ಯನವರು ಕೆಮ್ಮಿದರು. ಸುಂದರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗಿರಿಜಾಂಬಾ ಮಾತು ತಿರುಗಿಸಲು, "ಮದುವೆ ಆದ್ಮೇಲೂ ಆಡ್ತೀಯೇನಮ್ಮ?" ಅಂದರು.

"ಇಲ್ಲ ಕಣ್ರೀ" ಎಂದು ಅಜ್ಜಿ ನಡುವೆ ಬಾಯಿ ಹಾಕಿದರು. "ಬ್ಯಾಟು ಅಟ್ಟಕ್ಕೆ ಅಂತ ಆಗಲೇ ತೀರ್ಮಾನ ಆಗಿದೆ."

"ಅಟ್ಟದಲ್ಲಿ ಇಲಿ ಇರ್ತವೆ ಅಜ್ಜಿ" ಅಂದ ಬಿಂದುಮಾಧವ, ತಲೆ ಎತ್ತದೆ. "ದೇಶಕ್ಕೇ ಚಾಂಪಿಯನ್ ಆದೋರ ಬ್ಯಾಟು. ಇಲಿ ಕಡಿದ್ರೆ ಯಾರು ಜವಾಬ್ದಾರಿ?"

ಚೂಡಾಮಣಿ ಅವನನ್ನು ಎರಡನೇ ಸಲ ಸರಿಯಾಗಿ ನೋಡಿದಳು.

ಮಾತಾಡಿಕೊಳ್ಳಲಿ ಎಂದು ಅಪ್ಪ ಇಬ್ಬರನ್ನೂ ಜಗಲಿಗೆ ಕಳಿಸಿದರು. ಅಂಗಳದಲ್ಲಿ ಸಂಜೆಯ ರಂಗೋಲಿ, ಪಕ್ಕದಲ್ಲಿ ಅಮ್ಮ ಮರೆತಿದ್ದ ರಂಗೋಲಿ ಬಟ್ಟಲು. ದೂರದಲ್ಲಿ ಬೆಟ್ಟದ ದೀಪಗಳು ಮಿನುಗುತ್ತಿದ್ದವು.

"ನಾನೇ ಅಂತ ಗೊತ್ತಿದ್ದೂ ಬಂದ್ರಾ?" ಅಂದಳು.

"ನೀವೇ ಅಂತ ಗೊತ್ತಿದ್ದಕ್ಕೇ ಬಂದೆ. ಈ ಸಂಬಂಧ ಕೇಳು ಅಂತ ಅಮ್ಮನಿಗೆ ನಾನೇ ಹೇಳಿದ್ದು."

"ಧೈರ್ಯ ಜಾಸ್ತಿ."

"ಅವತ್ತು ಅಷ್ಟು ಜನ ಇದ್ರು. ನೀವು ಯಾರನ್ನೂ ನೋಡ್ಲಿಲ್ಲ, ನನ್ನೊಬ್ಬನ್ನೇ ನೋಡಿದ್ರಿ." ಅವನು ಜಗಲಿಯ ಕಂಬವನ್ನು ಉಗುರಿನಿಂದ ಕೆರೆಯುತ್ತಿದ್ದ. "ಕೋಪದಲ್ಲೇ ನೋಡಿದ್ರಿ, ಆಗಲಿ. ಆಮೇಲೆ ಯಾವ ನಕ್ಷೆ ಬರೆಯಕ್ಕೆ ಕೂತ್ರೂ ಗೆರೆ ನೆಟ್ಟಗೆ ಬರಲಿಲ್ಲ."

ಬರುತ್ತಿದ್ದ ನಗುವನ್ನು ಅವಳು ಕಷ್ಟಪಟ್ಟು ತಡೆದಳು.

"ನನ್ನ ಕಾಲು ಗೆರೆ ಮುಟ್ಟಿರಲಿಲ್ಲ."

"ನಾನು ಕಣ್ಣಾರೆ ಕಂಡೆ. ಗೆರೆಯಿಂದ ಸುಣ್ಣ ಎದ್ದಿತ್ತು."

ಚೂಡಾಮಣಿ ಬಟ್ಟಲಿನ ಪುಡಿ ತೆಗೆದುಕೊಂಡು ಅಂಗಳದಲ್ಲಿ ಉದ್ದಕ್ಕೆ ಗೆರೆ ಎಳೆದಳು. ಮೊಳೆಯಿಂದ ಬ್ಯಾಟು ಇಳಿಸಿ, ಗೆರೆಯ ಹಿಂದೆ ನಿಂತು, ಇಲ್ಲದ ಚೆಂಡನ್ನು ಮೇಲಕ್ಕೆಸೆದು ಬೀಸಿದಳು. ಬಳೆಗಳು ಗಲ್ಲೆಂದವು.

ಅವನು ಜಗಲಿಯ ದೀಪ ಹಿಡಿದು ಬಗ್ಗಿದ. ಪಾದ ಗೆರೆಗೆ ಎರಡು ಬೆರಳು ಹಿಂದೆಯೇ ಇತ್ತು. ಆದರೆ ಬೀಸಿದ ರಭಸಕ್ಕೆ ಸೀರೆಯ ಅಂಚು ಮುಂದಕ್ಕೆ ಹಾರಿ ಗೆರೆಯನ್ನು ಸವರಿತ್ತು. ನೀಲಿ ಅಂಚಿನ ಉದ್ದಕ್ಕೂ ಬಿಳಿಯ ಪುಡಿ.

ಬಿಂದುಮಾಧವ ದೀಪವನ್ನು ಇನ್ನಷ್ಟು ಹತ್ತಿರ ತಂದು ನೋಡಿದ.

"ಸೀರೆ" ಅಂದ ಕೊನೆಗೆ. "ಸೀರೆ ಮುಟ್ಟಿದ್ರೆ ಫಾಲ್ಟ್ ಅಲ್ಲ. ಯಾವ ರೂಲ್ಸಲ್ಲೂ ಇಲ್ಲ." ಎದ್ದು ನಿಂತಾಗ ಅವನ ಮುಖ ಸಣ್ಣಗಾಗಿತ್ತು. "ನಾಳೆ ನಾನು ಆ ಗೆರೆಗೆ ಕೂರಲ್ಲ. ಬೇರೆಯವರನ್ನ ಹಾಕಿ ಅಂತ ಹೇಳ್ತೀನಿ."

"ಕೂರಬೇಕು. ಅದೇ ಕುರ್ಚಿ, ಅದೇ ಗೆರೆ. ನೀವಿದ್ದಾಗಲೇ ಗೆಲ್ಲಬೇಕು ನಾನು."

"ಹಾಗಾದ್ರೆ... ಒಳಗೆ ಏನಂತ ಹೇಳ್ತೀರಿ?"

"ಈಗ ಹೂಂ ಅಂದ್ರೆ, ಗಂಡಿನ ಕಡೆಯೋರನ್ನ ಗೆರೆಗೆ ಕೂರಿಸ್ಕೊಂಡು ಗೆದ್ಲು ಅಂತಾರೆ. ಊಹೂಂ ಅಂದ್ರೆ, ನಾಳೆ ನೀವೇನು ಕೂಗಿದ್ರೂ ಹೊಟ್ಟೆಕಿಚ್ಚಿಗೆ ಕೂಗ್ದ ಅಂತಾರೆ. ಫೈನಲ್ ಆಗೋವರೆಗೂ ನಾನು ಏನೂ ಅನ್ನಲ್ಲ."

ಒಳಗಿನಿಂದ ಅಜ್ಜಿ ಕೂಗಿದರು. "ಏನೇ ಅದು, ಅಂಗಳದಲ್ಲಿ ಕುಣಿತ?"

ಫೈನಲ್ಲಿನ ದಿನ, ಅಂಚು ಗೆರೆಗೆ ತಾಗದ ಹಾಗೆ, ಅಮ್ಮ ಸೀರೆಯನ್ನು ಗೇಣುದ್ದ ಮೇಲಕ್ಕೆತ್ತಿ ಪಿನ್ನು ಹಾಕಿದರು. ಅಜ್ಜಿ ಅಷ್ಟು ಹೊತ್ತೂ ಗೊಂಬೆಗಳ ಕಡೆಯೇ ನೋಡುತ್ತಿದ್ದರು. ಆಮೇಲೆ, "ನಾನೂ ಬರ್ತೀನಿ, ಟಾಂಗಾಕ್ಕೆ ಹೇಳ್ರೋ" ಅಂದರು.

ಕೋರ್ಟಿನ ಕೆಂಪು ಮಣ್ಣಿಗೆ ನೀರು ಚಿಮುಕಿಸಿ ಹೊಸ ಸುಣ್ಣದ ಗೆರೆ ಎಳೆದಿದ್ದರು. ಎದುರಿಗೆ ಅದೇ ಮದರಾಸಿನ ಹುಡುಗಿ. ಹಿಂದೆ ಅದೇ ಕುರ್ಚಿ. ಚೂಡಾಮಣಿ ಆ ಕಡೆ ನೋಡಲಿಲ್ಲ. ನೋಡದೆಯೂ ಅವನು ಎಲ್ಲಿದ್ದಾನೆಂಬುದು ಮೈಗೆ ತಿಳಿಯುತ್ತಿತ್ತು, ಬೆನ್ನಿಗೆ ಬಿಸಿಲು ಬಿದ್ದದ್ದು ತಿಳಿಯುವ ಹಾಗೆ.

ಮೊದಲ ಸೆಟ್ಟು ಅವಳದು. ಎರಡನೆಯದು ಆ ಹುಡುಗಿಯದು. ಮೂರನೆಯದರಲ್ಲಿ ಎಳೆದಾಟ. ಬೆಟ್ಟದ ಮೇಲೆ ಬಿಸಿಲು ಹಳದಿಯಾಗುವ ಹೊತ್ತಿಗೆ ಒಂದೇ ಒಂದು ಪಾಯಿಂಟ್ ಉಳಿಯಿತು. ಅದು ಬಂದರೆ ಕಪ್ಪು.

ಚೂಡಾಮಣಿ ಚೆಂಡೆಸೆದು ಮೈಯೆಲ್ಲ ಬಲ ಹಾಕಿ ಹೊಡೆದಳು. ಎದುರಿನವಳಿಗೆ ಅದನ್ನು ಮುಟ್ಟಲೂ ಆಗಲಿಲ್ಲ. ಜನ ಎದ್ದು ನಿಂತರು.

"ಫುಟ್ ಫಾಲ್ಟ್!"

"ಏಯ್, ಎಬ್ಬಿಸ್ರೋ ಅವನ್ನ!" "ಕನ್ನಡಕ ಹಾಕ್ಕೊಳಯ್ಯ!" ಎಂದು ಜನ ಕೂಗಿದರು. ಹೆಂಗಸರ ಬೆಂಚಿನಿಂದ ಅಜ್ಜಿಯ ಗಂಟಲು ಎಲ್ಲರಿಗಿಂತ ಮೇಲೆ ಕೇಳಿತು. "ಯಾವನೋ ಅವನು ಮುಠ್ಠಾಳ! ಅಯ್ಯೋ, ನಮ್ಮನೆ ಉಸಲಿ ತಿಂದೋನಲ್ವೇನೇ ಅದು!"

ಚೂಡಾಮಣಿ ಕೆಳಗೆ ನೋಡಿದಳು. ಸೀರೆ ಪಿನ್ನಿನಲ್ಲಿ ಭದ್ರವಾಗಿತ್ತು. ಸುಣ್ಣದ ಗೆರೆಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ಜಾಗ ಅಳಿಸಿಹೋಗಿತ್ತು. ಮಣ್ಣಿನಿಂದ ಕೆಂಪಾಗಿದ್ದ ಅವಳ ಶೂವಿನ ತುದಿಯಲ್ಲಿ ಬೆಳ್ಳಗೆ ಸುಣ್ಣ.

ತಿರುಗಿ ಅವನನ್ನು ನೋಡಿದಳು. ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟು ಜನ ಬೈಯುತ್ತಿದ್ದರೂ ಅವನು ಎತ್ತಿದ ಕೈ ಇಳಿಸಿರಲಿಲ್ಲ.

ಅವಳಿಗೆ ನಗು ಬಂತು. ಹಿಂದಿನ ಸಂಜೆ ಜಗಲಿಯಲ್ಲಿ ತಡೆದಿಟ್ಟದ್ದೂ ಸೇರಿ ಬಂತು. ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ಎರಡನೇ ಸರ್ವ್ ಮಾಡಿದಳು. ಮೆತ್ತಗೆ ಎತ್ತರಕ್ಕೆ ಹೋದ ಚೆಂಡು ಮೂಲೆಯಲ್ಲಿ ಬಿದ್ದು ಪಕ್ಕಕ್ಕೆ ತಿರುಗಿತು. ಮದರಾಸಿನ ಹುಡುಗಿ ಹೊಡೆದದ್ದು ನೆಟ್ಟಿಗೆ ಬಡಿಯಿತು.

ಹಾರ, ಚಪ್ಪಾಳೆ, ಫೋಟೋ ಎಲ್ಲ ಮುಗಿದ ಮೇಲೆ ಅವಳು ಕಪ್ಪನ್ನು ಸೊಂಟಕ್ಕಿಟ್ಟುಕೊಂಡು, ಕೊಡ ಹೊತ್ತವಳ ಹಾಗೆ, ಅವನ ಕುರ್ಚಿಯ ಹತ್ತಿರ ಬಂದಳು.

"ಅವತ್ತಿನದು ಸೀರೆ" ಅಂದ ಅವನು, ಎದ್ದು ನಿಂತು. "ಇವತ್ತಿನದು ಕಾಲೇ."

"ಗೊತ್ತು. ಕೂಗುವಾಗ ಏನನ್ನಿಸ್ತು?"

"ಮದುವೆ ಮುರಿದು ಬಿತ್ತು ಅನ್ನಿಸ್ತು."

"ಮತ್ತೆ ಯಾಕೆ ಕೂಗಿದ್ರಿ?"

"ಸುಮ್ಮನಿದ್ದಿದ್ರೆ ಈ ಕಪ್ಪಲ್ಲಿ ಅರ್ಧ ನಾನು ಕೊಟ್ಟಿದ್ದಾಗ್ತಿತ್ತು. ಅದು ಪೂರ್ತಿ ನಿಮ್ಮದಾಗ್ಲಿ ಅಂತ."

ಚೂಡಾಮಣಿ ಶೂವಿನ ತುದಿಯ ಸುಣ್ಣವನ್ನು ನೋಡುತ್ತ ನಿಂತಳು.

"ನಾಳೆ ಆಯುಧಪೂಜೆ" ಅಂದಳು. "ನಿಮ್ಮ ನಕ್ಷೆಯ ಸ್ಕೇಲು ತಗೊಂಡು ಮನೆಗೆ ಬನ್ನಿ."

"ನಮ್ಮನೇಲೇ ಪೂಜೆಗಿಡ್ತಾರಲ್ಲ?"

"ಈ ವರ್ಷ ನಿಮ್ಮ ಸ್ಕೇಲು ನಮ್ಮನೇಲಿರಲಿ. ಮುಂದಿನ ವರ್ಷ ನನ್ನ ಬ್ಯಾಟು ನಿಮ್ಮನೇಲಿರುತ್ತೆ. ಅಟ್ಟದಲ್ಲಲ್ಲ."

ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಕಿವಿಗಳಿಗೆ ಮೊದಲು ಅರ್ಥವಾಯಿತು.

ಮಾರನೇ ದಿನ ಗೊಂಬೆ ಮೆಟ್ಟಿಲಲ್ಲಿ ಖಾಲಿ ಜಾಗವಿರಲಿಲ್ಲ. ಅಜ್ಜಿ ಅವನ ಸ್ಕೇಲನ್ನು ತೊಳೆದು ತಾತನ ಮೃದಂಗದ ಪಕ್ಕ ಇಟ್ಟರು.

"ಬ್ಯಾಟು ಎಲ್ಲಜ್ಜಿ?" ಅಂದ ಬಿಂದುಮಾಧವ.

"ಅದು ಒಳಗೆ ಬರೋ ಹಾಗಿಲ್ಲಪ್ಪ. ಕುರಿ ಕರುಳಂತೆ."

ಅವನು ಮೃದಂಗಕ್ಕೆ ಭಕ್ತಿಯಿಂದ ಕೈಮುಗಿದ. "ಇದಕ್ಕೆ ಹೊದಿಸಿರೋ ಚರ್ಮ ಯಾವುದಜ್ಜಿ?"

ಅಜ್ಜಿ ಮೃದಂಗವನ್ನು ನೋಡಿದರು, ಅವನನ್ನು ನೋಡಿದರು. ಅಡುಗೆಮನೆಯಲ್ಲಿ ಸುಂದರಮ್ಮನ ಕೈಯಿಂದ ಸೌಟು ಜಾರಿದ ಸದ್ದಾಯಿತು.

"ಚೂಡೀ" ಅಂದರು ಅಜ್ಜಿ ಕೊನೆಗೆ, "ಆ ಬ್ಯಾಟು ತಗೊಂಡ್ಬಾರೇ. ಸ್ವಲ್ಪ ನೀರು ಚಿಮುಕಿಸ್ಕೊಂಡು ಬಾ."

ಬ್ಯಾಟಿಗೆ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದರು. ಆಮೇಲೆ ಸ್ಕೇಲಿಗೂ ಬ್ಯಾಟಿಗೂ ನಡುವೆ ರಂಗೋಲಿಯಲ್ಲಿ ಒಂದು ಗೆರೆ ಎಳೆದು, "ಲಗ್ನ ಆಗೋವರೆಗೂ ಇದನ್ನ ದಾಟೋ ಹಾಗಿಲ್ಲ, ಇಬ್ಬರಿಗೂ ಹೇಳಿದ್ದೀನಿ" ಎಂದು ಆರತಿ ತರಲು ಎದ್ದರು.

ಅಜ್ಜಿಯ ಬೆನ್ನು ಆ ಕಡೆ ತಿರುಗಿದ್ದೇ ತಡ, ಚೂಡಾಮಣಿ ಒಂದೇ ಬೆರಳಿನಿಂದ ಬ್ಯಾಟನ್ನು ಮೆಲ್ಲಗೆ ನೂಕಿದಳು. ಅದರ ಹಿಡಿ ಗೆರೆ ದಾಟಿ ಹೋಗಿ ಸ್ಕೇಲಿಗೆ ತಾಗಿತು.

ಬಿಂದುಮಾಧವ ನೋಡಿದ. ಗೆರೆ ದಾಟಿದ್ದನ್ನು ಕಂಡೂ ಅವನು ಕೂಗದೆ ಸುಮ್ಮನಿದ್ದದ್ದು ಅದೇ ಮೊದಲು.