ಒಂದು ಕರಟ ನೀರಿನ ಭಾರ

ಬಹಳ ಬಹಳ ಹಿಂದೆ, ಏಳು ಕಡಲು ಕೂಡುವಲ್ಲಿ ಶಂಖದ್ವೀಪ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜಟ್ಟಿಗನಿಗೂ ಅವನ ಹೆಂಡತಿ ಮಂಕಾಳಿಗೂ ಹಾಯಿದೋಣಿಯೇ ಮನೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಒಂದು ಗಿಳಿ ಸಾಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಮೂರು ವರ್ಷ ತೇಲಿದ್ದರು. ಆ ಕಡಲಿನ ಬಿಸಿಲೆಂದರೆ ಅಂತಿಂಥ ಬಿಸಿಲಲ್ಲ! ಹಾರುಮೀನು ನೆಗೆದು ದೋಣಿಗೆ ಬೀಳುವಷ್ಟರಲ್ಲಿ ಹುರಿದಿರುತ್ತಿತ್ತು. ಉಪ್ಪು ಕೂಡ ಹಾಕಬೇಕಿರಲಿಲ್ಲ.

ಹೀಗಿರಲು, ನಡುಗಡಲ ಬಂಡೆಯೊಂದರ ಮೇಲಿದ್ದ ಉಪ್ಪಾಸುರನೆಂಬ ಮಾಂತ್ರಿಕ ಲೋಕದ ಗಾಳಿಯನ್ನೆಲ್ಲ ಚೀಲಕ್ಕೆ ತುಂಬಿ ಗಂಟು ಹಾಕಿಬಿಟ್ಟ. ಹಾಯಿ ಜೋತುಬಿತ್ತು. ಹದಿನೆಂಟು ದಿನ ದೋಣಿ ಕದಲಲಿಲ್ಲ. ಕೊಡದ ತಳದಲ್ಲಿ ಚೂರು ಸಿಹಿನೀರು. ಬೆಳಿಗ್ಗೆ ತಲೆಗೊಂದು ಕರಟ ನೀರು, ಅದು ದೋಣಿಯ ಕಟ್ಟಳೆ.

ಹದಿನೆಂಟನೆಯ ದಿನ ಮಧ್ಯಾಹ್ನ ಮಂಕಾಳಿ ತನ್ನ ಕರಟವನ್ನು ಸಂಜೆಗೆಂದು ಮುಚ್ಚಿಟ್ಟು ಹಾಯಿಯ ನೆರಳಲ್ಲಿ ಮಲಗಿದ್ದಳು. ಜಟ್ಟಿಗ ಅದನ್ನು ಗಟಗಟ ಕುಡಿದುಬಿಟ್ಟ.

ಎದ್ದವಳು ಕೇಳಿದಳು, "ನನ್ನ ನೀರು ಎಲ್ಲಿ ಮಾರಾಯ?"

"ಗಿಳಿ ಉರುಳಿಸಿತು ಮಾರಾಯ್ತಿ."

ಮಂಕಾಳಿ ಗಿಳಿಯ ಕಾಲಿನ ದಾರ ಬಿಚ್ಚಿ ಅದನ್ನು ಹಾರಲು ಬಿಟ್ಟಳು. ಮರುದಿನ ತನ್ನ ಪಾಲಿನ ಅರ್ಧವನ್ನೂ ಗಂಡನ ಕರಟಕ್ಕೆ ಸುರಿದಳು. "ಮಾಂತ್ರಿಕನ ಬಂಡೆಗೇ ಹೋಗಿ ಚೀಲ ಬಿಚ್ಚೋಣ. ಹುಟ್ಟು ಹಾಕುವವ ನೀನು. ಕುಡಿ."

ಆ ನೀರು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇಳಿಯಿತು. ಅವಳ ಮುಖ ನೋಡಲಾಗದೆ ಬೆನ್ನು ತಿರುಗಿಸಿ ಹುಟ್ಟು ಹಾಕಿದ.

ದಾರಿಯಲ್ಲಿ ಕೋಟೆಯಂಥ ತಿಮಿಂಗಿಲ ಅಡ್ಡ ಬಂತು. "ದೋಣಿ ಇಷ್ಟು ಇಳಿದಿದೆಯಲ್ಲ, ಏನೋ ಭಾರ?"

"ಬಾಳೆಗೊನೆ," ಅಂದ ಜಟ್ಟಿಗ. ದೋಣಿ ಒಂದು ಗೇಣು ಮುಳುಗಿತು.

ಮುಂದೆ ರಥದಂಥ ಏಡಿ ಅಡ್ಡ ಬಂತು. "ಏನೋ ಭಾರ?"

"ಹೆಂಡತಿಯ ಒಡವೆ." ದೋಣಿ ಇನ್ನೊಂದು ಗೇಣು ಮುಳುಗಿತು.

"ನನಗೆಲ್ಲಿಯ ಒಡವೆಯೋ!" ಅನ್ನುತ್ತ ಮಂಕಾಳಿ ಒಳನುಗ್ಗಿದ ನೀರನ್ನು ಕರಟದಲ್ಲಿ ಮೊಗೆದು ಚೆಲ್ಲತೊಡಗಿದಳು. ಜಟ್ಟಿಗನ ಕಿವಿ ಕೆಂಡವಾಯಿತು.

ಬಂಡೆಯ ಮೇಲೆ ಉಪ್ಪಾಸುರ ಚೀಲ ತಬ್ಬಿ ಕೂತಿದ್ದ. "ಬಾರೋ ಶೂರ! ಸುಳ್ಳುಗಾರನ ಕೈಗೆ ಈ ಗಂಟು ಬಿಚ್ಚುವುದಿಲ್ಲ. ಕಟ್ಟಿದ ನನ್ನ ಕೈಗೇ ಬಿಚ್ಚುವುದಿಲ್ಲ! ಹೇಳು, ಏನು ಭಾರ?"

ದೋಣಿಯ ಅಂಚಿಗೆ ಕಡಲು ಇನ್ನು ಬೆರಳಗಲ. ಜಟ್ಟಿಗ ಮಾಂತ್ರಿಕನತ್ತ ನೋಡಲೇ ಇಲ್ಲ. ಹೆಂಡತಿಯತ್ತ ತಿರುಗಿದ. "ನೀರು ಕುಡಿದವ ನಾನು. ಗಿಳಿಯಲ್ಲ."

ಮಂಕಾಳಿ ಮೊಗೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ನಿನ್ನ ಮೀಸೆ ಒದ್ದೆಯಿತ್ತು."

"ಮತ್ತೆ ಗಿಳಿಯನ್ನು ಯಾಕೆ ಓಡಿಸಿದೆ?"

"ಓಡಿಸಲಿಲ್ಲ. ಅದಕ್ಕೆ ರೆಕ್ಕೆಯಿತ್ತು, ಅದಾದರೂ ಬದುಕಲಿ ಅಂತ ಬಿಟ್ಟೆ. ನಿನಗೆ ರೆಕ್ಕೆಯಿಲ್ಲವಲ್ಲ, ನೀರು ಕೊಟ್ಟೆ."

ಜಟ್ಟಿಗನಿಗೆ ಕಡಲೇ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಕಡಲು ನುಂಗಲಿಲ್ಲ. ದೋಣಿಯೇ ಹಗುರಾಗಿ ಎರಡು ಗೇಣು ಮೇಲೆದ್ದಿತು. ಅವನು ಕೈಚಾಚಿ ಮುಟ್ಟಿದ್ದೇ ತಡ, ಗಂಟು ತಾನೇ ಸಡಿಲಿತು. ಅಷ್ಟೂ ದಿನ ಕಟ್ಟಿಟ್ಟ ಗಾಳಿ ಒಂದೇ ಉಸಿರಿಗೆ ನುಗ್ಗಿ ಉಪ್ಪಾಸುರನನ್ನು ಪುಡಿಪುಡಿ ಮಾಡಿ ಕಡಲಿಗೆ ಚೆಲ್ಲಿತು. ಮೊದಲೇ ಉಪ್ಪಾಗಿದ್ದ ಕಡಲು ಈಗ ಇಷ್ಟು ಉಪ್ಪಾಗಿರುವುದು ಮತ್ತೆ ಯಾಕೆ ಅಂದುಕೊಂಡಿರಿ?

ಗಾಳಿಯ ಹಿಂದೆ ಮಳೆ ಬಂತು, ಕೊಡ ತುಂಬಿತು. ಮಳೆಯ ಹಿಂದೆ ಗಿಳಿಯೂ ಬಂತು. ಜಟ್ಟಿಗ ಮೊದಲ ಕರಟ ಗಿಳಿಗೆ ಹಿಡಿದ, ಎರಡನೆಯದು ಹೆಂಡತಿಗೆ. ಮೂವರೂ ಎಲ್ಲ ಕಡಲು ಸುತ್ತಿ ನೂರು ವರ್ಷ ಸುಖವಾಗಿ ಬಾಳಿದರು. ಅಷ್ಟೂ ವರ್ಷ ಜಟ್ಟಿಗ ನೀರು ಕುಡಿದಾಗಲೆಲ್ಲ ಮೀಸೆ ಒರೆಸಿಕೊಳ್ಳದೆ ಹೆಂಡತಿಯ ಎದುರೇ ಕೂರುತ್ತಿದ್ದ.