ಬಾಲ್ಯ ಕದ್ದವನ ಕಣ್ಣಾಮುಚ್ಚಾಲೆ

ಬಹಳ ಹಿಂದೆ, ನೀಲಿ ಬೆಟ್ಟಗಳ ಆಚೆ, ಹೊಳಲುಗಿರಿ ಅಂತ ಒಂದು ರಾಜ್ಯವಿತ್ತು. ಒಂದು ಬೆಳಿಗ್ಗೆ ಆ ರಾಜ್ಯಕ್ಕೆ ಎಂಥದೋ ಗರ ಬಡಿಯಿತು. ದೊಡ್ಡವರೆಲ್ಲ ತಮ್ಮ ಬಾಲ್ಯವನ್ನೇ ಮರೆತುಬಿಟ್ಟರು! ತಾಯಂದಿರಿಗೆ ಜೋಗುಳ ಬಾರದು, ಅಜ್ಜಂದಿರಿಗೆ ಕತೆ ಬಾರದು. ಮಕ್ಕಳು ಕೇಕೆ ಹಾಕಿದರೆ ಸಾಕು, ಬೆತ್ತ ಹಿಡಿದು ಓಡಿಬರುತ್ತಿದ್ದರು. ಅಂಥ ಊರಲ್ಲಿ ಬಾಳುವುದು ಹೇಗೆ, ನೀವೇ ಹೇಳಿ!

ನೇಕಾರರ ಮನೆಯ ಹೊನ್ನವ್ವ ದೂರದ ಸೋದರಮಾವನ ಊರಿನಿಂದ ಅಂದೇ ತಿರುಗಿ ಬಂದಳು. ನೋಡುತ್ತಾಳೆ, ಅಣ್ಣ ಸಂಗಣ್ಣ ತನ್ನ ಮಗಳ ಜೋಳದ ದಂಟಿನ ಬಂಡಿಯನ್ನು ಒಲೆಗೆ ತುರುಕುತ್ತಿದ್ದಾನೆ. ಮಗು ಬಿಕ್ಕುತ್ತಿದೆ.

"ಅಯ್ಯೋ ಅಣ್ಣಾ, ನಿನಗೇನು ಬಂದಿದೆ? ಇಂಥದೇ ಬಂಡಿ ಮಾಡಿ ನನ್ನ ಗೊಂಬೆಯನ್ನು ಊರೆಲ್ಲ ಮೆರೆಸಿದವನು ನೀನು!"

"ಯಾರಮ್ಮ ನೀನು? ನನಗೆ ತಂಗಿಯೇ ಇಲ್ಲ" ಎಂದ ಸಂಗಣ್ಣ.

ಬೆಲ್ಲದ ಪಾತ್ರೆಯ ತಳ ಕೆರೆಯಲು ಇಬ್ಬರೂ ಕಿತ್ತಾಡಿದ್ದು, ಅವ್ವ ಸೀಗೆಕಾಯಿ ಹಚ್ಚುವಾಗ ಕಣ್ಣುರಿಯೆಂದು ಒಂದೇ ರಾಗದಲ್ಲಿ ಅತ್ತದ್ದು ಈಗ ಹೊನ್ನವ್ವನೊಬ್ಬಳಿಗೇ ನೆನಪು.

ಆಗ ಸೂರಿನ ಗಿಳಿ ಹೇಳಿತು: "ಕರಿಗುಡ್ಡದ ಮಾಂತ್ರಿಕ ಧೂಮಕ ಎಲ್ಲರ ಬಾಲ್ಯವನ್ನೂ ಕದ್ದು ಗಡಿಗೆಗಳಲ್ಲಿ ತುಂಬಿಟ್ಟಿದ್ದಾನೆ. ಅಮಾವಾಸ್ಯೆಗೆ ಕುಡಿದುಬಿಡುತ್ತಾನೆ. ಆಮೇಲೆ ಯಾರದೂ ಮರಳಿ ಬಾರದು."

"ಅದು ಹೇಗೆ ಕುಡಿಯುತ್ತಾನೋ ನಾನೂ ನೋಡುತ್ತೇನೆ!" ಎಂದು ಹೊನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಗುಡ್ಡದ ಬುಡದಲ್ಲಿ ಬೆಂಕಿಯ ಗೂಳಿ. ಅದರ ಮುಂದೆ ನೆಲದ ಮೇಲೆ ಉರಿಯುವ ಗೆರೆಗಳಲ್ಲಿ ಬರೆದ ಚೌಕದ ಮನೆಗಳು. "ಒಂಟಿಕಾಲಲ್ಲಿ ದಾಟು. ಗೆರೆ ತುಳಿದರೆ ಬೂದಿ!" ಎಂದಿತು ಗೂಳಿ.

"ಕುಂಟೆಬಿಲ್ಲೆ ಅನ್ನಬಾರದೇನೋ!" ಎಂದು ಹೊನ್ನವ್ವ ಜಿಗಿದಳು. ಕಾಲಲ್ಲಿ ಬೊಬ್ಬೆ ಎದ್ದವು. ಇನ್ನೊಂದು ಕಾಲನ್ನು ಮಾತ್ರ ಊರಲಿಲ್ಲ.

ನಡುಗುಡ್ಡದಲ್ಲಿ ಮೂರು ಹೆಡೆಯ ಹಾವು. ಬಾಯಿಬಾಯಲ್ಲೂ ಕಲ್ಲು ತುಂಬಿಕೊಂಡು ಬುಸುಗುಟ್ಟಿತು: "ತೂರುತ್ತೇನೆ. ಒಂದು ನೆಲಕ್ಕೆ ಬಿದ್ದರೂ ನಿನ್ನನ್ನು ನುಂಗುತ್ತೇನೆ!" ಜಗಲಿಯ ಮೇಲೆ ದಿನವಿಡೀ ಕಲ್ಲಾಟ ಆಡಿದ ಕೈಗಳು ಅವು. ಬೆರಳಿಂದ ರಕ್ತ ಬಂದರೂ ಒಂದೂ ಬೀಳಲಿಲ್ಲ. ಹಾವು ಮೂತಿ ಉಬ್ಬಿಸಿ ದಾರಿ ಬಿಟ್ಟಿತು.

ಗುಡ್ಡದ ನೆತ್ತಿಯಲ್ಲಿ ಧೂಮಕ ಗಹಗಹಿಸಿ ನಕ್ಕ. "ನನ್ನನ್ನು ಯಾವ ಆಟದಲ್ಲೂ ಗೆಲ್ಲಲಾರೆ, ಹೋಗೇ!"

"ಹಾಗಾದರೆ ಕಣ್ಣಾಮುಚ್ಚಾಲೆ ಆಡೋಣ. ಮಕ್ಕಳು ಆಡುವ ಹಾಗೆಯೇ ಆಡಬೇಕು. ನೀನು ಸೋತರೆ ಗಡಿಗೆಗಳು ನನ್ನವು. ನಾನು ಸೋತರೆ ನನ್ನ ಬಾಲ್ಯವೂ ನಿನ್ನದು."

"ಅಡಗಿಕೊಳ್ಳುವುದು ತಾನೇ? ಅದೇನು ಮಹಾ!" ಎಂದು ಧೂಮಕ ಮಂತ್ರದಂಡ ಮುಟ್ಟಿ ಆಣೆಯಿಟ್ಟ.

ಅಂಗಳದ ಮೂಲೆಯಲ್ಲಿ ಅವನ ಮುದಿತಾಯಿ ಕೂತಿದ್ದಳು. "ನೀನೇ ಆಟದ ಅಜ್ಜಿಯಾಗವ್ವ" ಎಂದು ಹೊನ್ನವ್ವ ಅವಳ ಮಡಿಲಲ್ಲಿ ತಲೆಯಿಟ್ಟಳು. ಮುದುಕಿ ಅವಳ ಕಣ್ಣು ಮುಚ್ಚಿದಳು. ಧೂಮಕ ಸಾಸಿವೆ ಕಾಳಾಗಿ ಸಮುದ್ರದ ತಳದ ಚಿಪ್ಪಿನೊಳಗೆ ಅಡಗಿದ.

ಹೊನ್ನವ್ವ ಕಣ್ಣು ಬಿಟ್ಟಳು. ಹುಡುಕಲು ಹೋಗಲೇ ಇಲ್ಲ! ಅಜ್ಜಿಯ ಮುಂದೆ ಕಾಲು ಚಾಚಿ ಕೂತಳು. ಅವನು ಬಂದು ಅಜ್ಜಿಯನ್ನು ಮುಟ್ಟಿಬಿಟ್ಟರೆ ಎಲ್ಲ ಮುಗಿದಂತೆ. ಆದರೂ ಕದಲಲಿಲ್ಲ.

ಹೊತ್ತು ಇಳಿಯಿತು. ಧೂಮಕನಿಗೆ ಬೇಸರ ಬಂತು. "ಹುಡುಕಲಾಗಲಿಲ್ಲ! ನಾನೇ ಗೆದ್ದೆ!" ಎಂದು ಕೂಗುತ್ತಾ ನೇರ ಹೊನ್ನವ್ವನ ಮುಂದೆಯೇ ಬಂದು ನಿಂತ. ಹೊನ್ನವ್ವ ಗಬಕ್ಕನೆ ಅವನ ತೋಳು ಹಿಡಿದಳು.

"ಸಿಕ್ಕಿಬಿದ್ದೆ! ಅಜ್ಜಿಯನ್ನು ಮುಟ್ಟುವ ಮುಂಚೆ ಸಿಕ್ಕವನು ಸೋತಂತೆ. ನಮ್ಮೂರ ಕೂಸಿಗೂ ಗೊತ್ತು!"

"ಮೋಸ! ನನಗೆ ಯಾರೂ ಹೇಳಿಕೊಡಲಿಲ್ಲ!"

ಮುದುಕಿ ಗೊಳೋ ಎಂದು ಅತ್ತಳು. "ಹೇಳಿಕೊಡೋರು ಯಾರಿದ್ದರೋ ಮಗನೇ? ತೊದಲು ಮಾತು ಆಡುವಾಗಲೇ ನಿಮ್ಮಪ್ಪ ನಿನ್ನ ಕೈಗೆ ದಂಡ ಕೊಟ್ಟ. ಒಂದು ದಿನವೂ ಆಡಲು ಬಿಡಲಿಲ್ಲ. ನಾನು ನೋಡುತ್ತಾ ಸುಮ್ಮನೆ ಕೂತೆ."

ಮಂತ್ರದಂಡ ಫಟ್ಟನೆ ಸೀಳಿಹೋಯಿತು. ಗಡಿಗೆಗಳು ಒಡೆದವು. ಕದ್ದ ಬಾಲ್ಯಗಳೆಲ್ಲ ಊರ ಕಡೆಗೆ ಹಾರಿಹೋದವು. ಬರಿಗೈಯಲ್ಲಿ ನಿಂತ ಧೂಮಕ ಮೆಲ್ಲಗೆ ಕೇಳಿದ: "ಇನ್ನೊಂದಾಟ ಆಡೋಣವಾ?"

ಹೊನ್ನವ್ವನಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. "ತಾಯಿಯನ್ನೂ ಕರೆದುಕೊಂಡು ಊರಿಗೆ ಬಾ. ಮೊದಲು ಎಲ್ಲರ ಕಾಲಿಗೆ ಬೀಳು. ಆಮೇಲೆ ಆಟ" ಎಂದಳು.

ಬೀದಿಯ ತಿರುವಿನಲ್ಲೇ ಸಂಗಣ್ಣ ಎದುರಾದ. ಅವನ ಹೆಗಲ ಮೇಲೆ ಮಗಳು ಕೂತಿದ್ದಳು.

"ಲೇ ಸುಂಬಳಬುರುಕಿ! ಎಲ್ಲೇ ಹಾಳಾಗಿ ಹೋಗಿದ್ದೆ?"

ಅಷ್ಟು ಹೊತ್ತು ಅಳದ ಹೊನ್ನವ್ವ ಆಗ ಅತ್ತಳು.

ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದಾರಂತೆ. ಸಂಜೆಯಾದರೆ ಧೂಮಕನೂ ಮಕ್ಕಳ ಜೊತೆ ಅಡಗಿ ಕೂರುತ್ತಾನೆ. ಆಮೇಲೆ ಏದುಸಿರು ಬಿಡುತ್ತಾ ಓಡಿಬಂದು, ಆಟದ ಅಜ್ಜಿಯಾಗಿ ಕೂತ ತಾಯಿಯನ್ನು ಮುಟ್ಟುತ್ತಾನೆ.